ಶತ್ರು ವಿಮಾನಗಳ ಅಂದಾಜು: ಜಾಸ್ತಿ ಹೆದರಿದ್ದು ಕೆಟ್ಟದ್ದೋ, ಕಡಿಮೆ ಹೆದರಿದ್ದು ಕೆಟ್ಟದ್ದೋ?

ಹಳೇಕಡತ

ಒಂದು ಅಂಕಿ ತಲೆಯಿಂದ ಹೋಗುತ್ತಲೇ ಇಲ್ಲ. 1937ರಲ್ಲಿ ಬ್ರಿಟನ್ನಿನ ಸಾಮ್ರಾಜ್ಯ ರಕ್ಷಣಾ ಸಮಿತಿ ಒಂದು ಅಂದಾಜು ಮಾಡಿತು. ಜರ್ಮನಿ ಜೊತೆ ಯುದ್ಧ ಬಂದರೆ ವಿಮಾನ ದಾಳಿ 60 ದಿನ ನಡೆಯುತ್ತದೆ, 6 ಲಕ್ಷ ಜನ ಸಾಯುತ್ತಾರೆ, 12 ಲಕ್ಷ ಜನ ಗಾಯಗೊಳ್ಳುತ್ತಾರೆ ಅಂತ. ಕೊನೆಗೆ ಆಗಿದ್ದೇನು? ಇಡೀ ಎರಡನೇ ಮಹಾಯುದ್ಧದಲ್ಲಿ ಬಾಂಬು, ರಾಕೆಟ್ ಎಲ್ಲ ಸೇರಿ ಬ್ರಿಟನ್ನಿನಲ್ಲಿ ಸತ್ತ ನಾಗರಿಕರು ಸುಮಾರು 60 ಸಾವಿರ.

ಇನ್ನೊಂದು ಕಡೆ 1941ರ ಡಿಸೆಂಬರ್ 7ರಂದು ಜಪಾನ್ ದಾಳಿ ಮಾಡಿದ ಪರ್ಲ್ ಹಾರ್ಬರ್, ಹವಾಯಿಯಲ್ಲಿರುವ ಅಮೆರಿಕಾದ ನೌಕಾನೆಲೆ. ಅಲ್ಲಿ ದಾಳಿ ಬರುತ್ತದೆ ಅಂತ ಆ ಬೆಳಿಗ್ಗೆ ಯಾರೂ ತಯಾರಿರಲಿಲ್ಲ. 2,403 ಜನ ಹೋದರು.

ಪರ್ಲ್ ಹಾರ್ಬರ್ ಬಗ್ಗೆ ತನಿಖೆ ಮೇಲೆ ತನಿಖೆ ಆಯಿತು. ಅಧಿಕಾರಿಗಳು ಕೆಲಸ ಕಳೆದುಕೊಂಡರು. ಆ 6 ಲಕ್ಷದ ಅಂಕಿಗೆ ಮಾತ್ರ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಅದಕ್ಕೇ ನನಗೆ ಅನ್ನಿಸುವುದು, ಜಾಸ್ತಿ ಅಂದಾಜು ಮಾಡುವುದೇ ಹೆಚ್ಚು ಅಪಾಯ. ಅದರಿಂದ ಆದ ನಷ್ಟ ಕಣ್ಣಿಗೇ ಬೀಳುವುದಿಲ್ಲ. ನಿಮಗೆಲ್ಲ ಏನನ್ನಿಸುತ್ತದೆ?

ಲೆಕ್ಕಿಗ

ಆ 6 ಲಕ್ಷ ಎಲ್ಲಿಂದ ಬಂತು ಅಂತ ನೋಡಿದ್ದೀರಾ? ತೀರಾ ಸರಳ ಗುಣಾಕಾರ. ದಿನಕ್ಕೆ 600 ಟನ್ ಬಾಂಬು, 60 ದಿನ, ಟನ್ನಿಗೆ 50 ಜನ ಸಾವುನೋವು. ಗುಣಿಸಿ. 18 ಲಕ್ಷ ಬರುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಸಾವು, ಉಳಿದದ್ದು ಗಾಯ.

ಈಗ ಆ 50 ಎಲ್ಲಿಂದ ಬಂತು? ಮೊದಲ ಮಹಾಯುದ್ಧದಲ್ಲಿ ಲಂಡನ್ ಮೇಲೆ ಆದ ಬೆರಳೆಣಿಕೆಯ ದಾಳಿಗಳಿಂದ. 1917ರ ಜೂನ್ 13ರಂದು ಜರ್ಮನಿಯ ಗೋಥಾ ಬಾಂಬರ್ ವಿಮಾನಗಳು ಹಾಡಹಗಲೇ ಬಂದು ಬಾಂಬು ಹಾಕಿದವು. 162 ಜನ ಸತ್ತರು. ಆಗ ಸೈರನ್ ಇರಲಿಲ್ಲ, ಅಡಗುವ ಜಾಗ ಇರಲಿಲ್ಲ, ಜನ ಬೀದಿಗೆ ಬಂದು ಆಕಾಶ ನೋಡುತ್ತಾ ನಿಂತಿದ್ದರು. ಅಂಥ ದಿನಗಳ ಸರಾಸರಿ ತೆಗೆದು, 20 ವರ್ಷ ಬಿಟ್ಟು, ಬಂಕರ್ ಸೇರಿದ ಜನಕ್ಕೂ ಅದನ್ನೇ ಹಚ್ಚಿದರು.

600 ಟನ್ ಅನ್ನುವುದಂತೂ ಇನ್ನೂ ದುರ್ಬಲ. ಜರ್ಮನಿಯ ಹತ್ತಿರ ಇರುವ ಬಾಂಬರ್ ಎಲ್ಲವೂ ಲಂಡನ್ ಮೇಲೆ ಮಾತ್ರ ಬರುತ್ತವೆ, ಅದೂ ದಿನಾ ಬರುತ್ತವೆ ಅಂತ ಊಹೆ. ಜರ್ಮನಿಯ ನೆಲದಿಂದ ಹಾರಿದರೆ ಪೆಟ್ರೋಲ್ ಎಷ್ಟು ಬೇಕು, ಬಾಂಬಿಗೆ ಎಷ್ಟು ಜಾಗ ಉಳಿಯುತ್ತದೆ, ಜೊತೆಗೆ ಫೈಟರ್ ಬರಲು ಆಗುತ್ತದಾ ಅಂತ ಯಾರೂ ಸರಿಯಾಗಿ ಕೂತು ನೋಡಲಿಲ್ಲ.

ಸೈರನ್

ಹಳೇಕಡತ ಅವರೇ, ನಿಮ್ಮ ಮಾತು ಒಪ್ಪಲಾರೆ. ಆ ಹೆದರಿಕೆ ಇದ್ದದ್ದಕ್ಕೇ ಬ್ರಿಟನ್ ಉಳಿಯಿತು. 1938ರ ಸೆಪ್ಟೆಂಬರ್ ಹೊತ್ತಿಗೆ 3 ಕೋಟಿ 80 ಲಕ್ಷ ಗ್ಯಾಸ್ ಮಾಸ್ಕ್ ಹಂಚಿಯಾಗಿತ್ತು. 1939ರಲ್ಲಿ 15 ಲಕ್ಷ ಜನರನ್ನು, ಅದರಲ್ಲೂ ಮಕ್ಕಳನ್ನು, ಊರುಗಳಿಂದ ಹೊರಗೆ ಸಾಗಿಸಿದರು. ಕರಾವಳಿ ಉದ್ದಕ್ಕೂ ರೇಡಾರ್ ಕಂಬ ಎದ್ದವು. ದುಡ್ಡು ಕೊಡುವ ಖಜಾನೆಯವರು ಸುಮ್ನೆ ಕೊಡುತ್ತಾರಾ? ಹೆದರಿಸಿದರೇ ಕೊಡುವುದು.

60 ಸಾವಿರವೇ ಸತ್ತರು ಅಂತ ಈಗ ಹೇಳುವುದು ಸುಲಭ. ತಯಾರಿ ಇಲ್ಲದಿದ್ದರೆ ಎಷ್ಟಾಗುತ್ತಿತ್ತು?

ಬಾನಾಡಿ

@ಸೈರನ್ ತಯಾರಿ ಒಳ್ಳೆಯದೇ. ಆದರೆ ಅದೇ ಅಂಕಿಯನ್ನು ನಂಬಿ 1939ರಲ್ಲಿ ಆಸ್ಪತ್ರೆಗಳಿಂದ ಸುಮಾರು 1 ಲಕ್ಷ 40 ಸಾವಿರ ರೋಗಿಗಳನ್ನು ಮನೆಗೆ ಕಳಿಸಿದರು. ಮೊದಲ ದಿನವೇ ಗಾಯಾಳುಗಳು ತುಂಬಿಬಿಡುತ್ತಾರೆ ಅಂತ. ಕ್ಷಯರೋಗಿಗಳೂ ಅದರಲ್ಲಿದ್ದರು. ಅವರು ಹೋಗಿ ಮನೆಮಂದಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿದರು. ಆ ವರ್ಷ ಲಂಡನ್ ಮೇಲೆ ಬಾಂಬು ಬೀಳಲೇ ಇಲ್ಲ. ಆ ರೋಗಿಗಳ ಕಷ್ಟ ಯಾವ ಲೆಕ್ಕಕ್ಕೆ ಸೇರಿತು ಹೇಳಿ?

ಹಳೇಕಡತ

ಬಾನಾಡಿ ಅವರು ಹೇಳಿದ್ದೇ ನಾನು ಹೇಳಬೇಕೆಂದಿದ್ದದ್ದು. ಜೊತೆಗೆ ಮ್ಯೂನಿಕ್ ಒಪ್ಪಂದ ಸೇರಿಸಿ. 1938ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪ್ರಧಾನಿ ಚೇಂಬರ್ಲಿನ್ ಹಿಟ್ಲರನ ಮುಂದೆ ಬಗ್ಗಿ ಚೆಕೊಸ್ಲೊವಾಕಿಯಾದ ಭಾಗ ಬಿಟ್ಟುಕೊಟ್ಟಾಗ ಲಂಡನ್ ಬೂದಿಯಾಗುವ ಚಿತ್ರ ಎಲ್ಲರ ಕಣ್ಣ ಮುಂದೆ ಇತ್ತು. ಉದ್ಯಾನವನಗಳಲ್ಲಿ ಕಂದಕ ತೋಡುತ್ತಿದ್ದರು.

ಅದೇ ವಾರ ಜರ್ಮನಿಯ ಒಳಗೆ ಏನು ನಡೆಯುತ್ತಿತ್ತು ಗೊತ್ತಾ? ಬ್ರಿಟನ್ ಮೇಲೆ ದಾಳಿ ಮಾಡಬೇಕಾದ ವಾಯುಪಡೆ ವಿಭಾಗದ ಜನರಲ್ ಫೆಲ್ಮಿ, ಸೆಪ್ಟೆಂಬರ್ 22ರಂದು ಮೇಲಿನವರಿಗೆ ವರದಿ ಕೊಟ್ಟ. ಈಗಿರುವ ವಿಮಾನಗಳಿಂದ ಇಂಗ್ಲೆಂಡನ್ನು ಸೋಲಿಸುವ ಯುದ್ಧ ಸಾಧ್ಯವೇ ಇಲ್ಲ ಅಂತ. ಯಾರಿಗೆ ಹೆದರಿ ಒಂದು ದೇಶವನ್ನೇ ಬಿಟ್ಟುಕೊಟ್ಟರೋ, ಅವರೇ ನಮ್ಮ ಕೈಲಾಗದು ಅಂತ ಬರೆದುಕೊಂಡಿದ್ದರು. ಚೆಕೊಸ್ಲೊವಾಕಿಯಾದ ಜನ ಅದಕ್ಕೆ ಬೆಲೆ ತೆತ್ತರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮಳೆಬಿಲ್ಲು

ಮ್ಯೂನಿಕ್‌ಗೆ ಅದೊಂದೇ ಕಾರಣ ಅಲ್ಲ.

ಹಳೇಕಡತ

ಒಂದೇ ಅಂತ ನಾನು ಹೇಳಿಲ್ಲ. ದೊಡ್ಡ ಕಾರಣ ಅಂತ ಹೇಳಿದೆ.

ನಕ್ಷೆಪ್ರಿಯ

ಜರ್ಮನರ ಕಡೆ ಬರೋಣ. ಅವರು ಕಡಿಮೆ ಅಂದಾಜು ಮಾಡಿ ಕೆಟ್ಟರು. ಲುಫ್ಟ್‌ವಾಫೆಯ, ಅಂದರೆ ಜರ್ಮನ್ ವಾಯುಪಡೆಯ, ಗುಪ್ತಚರ ವಿಭಾಗದ ಮುಖ್ಯಸ್ಥ ಯೋಸೆಫ್ ಷ್ಮಿಡ್. 1940ರ ಜುಲೈ 16ರ ಅವನ ವರದಿಯಲ್ಲಿ ಬ್ರಿಟನ್ ತಿಂಗಳಿಗೆ 180ರಿಂದ 300 ಫೈಟರ್ ತಯಾರಿಸುತ್ತದೆ ಅಂತ ಇದೆ. ನಿಜಕ್ಕೂ ಆ ಬೇಸಿಗೆಯಲ್ಲಿ ತಿಂಗಳಿಗೆ 450ಕ್ಕೂ ಜಾಸ್ತಿ ಹೊರಬರುತ್ತಿದ್ದವು. ಇನ್ನೂ ಆಶ್ಚರ್ಯ ಅಂದರೆ ಆ ವರದಿಯಲ್ಲಿ ರೇಡಾರ್ ಬಗ್ಗೆ ಒಂದು ಸಾಲೂ ಇಲ್ಲ.

ಹೀಗಾಗಿ ದಾಳಿಗೆ ಹೋದ ಪೈಲಟ್‌ಗಳು ದಿನಾ ಅದೇ ಪ್ರಶ್ನೆ ಕೇಳುವ ಹಾಗಾಯಿತು: ಮುಗಿದುಹೋಗಿರಬೇಕಾದ ಸ್ಪಿಟ್‌ಫೈರ್‌ಗಳು ಮತ್ತೆ ಎಲ್ಲಿಂದ ಬಂದವು?

ಅಡವಿಹಕ್ಕಿ

ಜರ್ಮನರಿಗೆ ರೇಡಾರ್ ಅಂದರೇನೇ ಗೊತ್ತಿರಲಿಲ್ಲ ಅಲ್ವಾ? ಅದಕ್ಕೇ ವರದಿಯಲ್ಲಿ ಬರೆದಿಲ್ಲ.

ಕಂಬಿಗ

ಇಲ್ಲ ಇಲ್ಲ. ಜರ್ಮನರ ಹತ್ತಿರವೇ ಒಳ್ಳೆಯ ರೇಡಾರ್ ಇತ್ತು. ಫ್ರೇಯಾ, ವೂರ್ಟ್ಸ್‌ಬುರ್ಗ್ ಎರಡೂ ಕೆಲಸ ಮಾಡುತ್ತಿದ್ದವು. ಬ್ರಿಟನ್ನಿನ ಕರಾವಳಿಯಲ್ಲಿ ಎದ್ದ ಎತ್ತರದ ಕಂಬಗಳೂ ಅವರ ಕಣ್ಣಿಗೆ ಬಿದ್ದಿದ್ದವು. 1939ರಲ್ಲಿ ಗ್ರಾಫ್ ಜೆಪೆಲಿನ್ ಅನ್ನುವ ದೊಡ್ಡ ವಾಯುನೌಕೆಯನ್ನು ಉಪಕರಣ ತುಂಬಿ ಇಂಗ್ಲೆಂಡ್ ತೀರದ ಹತ್ತಿರ ಕಳಿಸಿ ಆಲಿಸಿದರು. ಏನೂ ಸಿಗಲಿಲ್ಲ. ರೇಡಾರ್ ಇಂಥ ತರಂಗದಲ್ಲೇ ಇರುತ್ತದೆ ಅಂತ ತಮ್ಮದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಹುಡುಕಿದರು. ಬ್ರಿಟಿಷರದ್ದು ಬೇರೆ ತರಂಗದಲ್ಲಿ ಇತ್ತು.

1940ರ ಆಗಸ್ಟ್ 12ರಂದು ಅದೇ ಕಂಬಗಳ ಮೇಲೆ ಬಾಂಬು ಹಾಕಿದರು ಕೂಡ. ವೆಂಟ್ನರ್ ಕೇಂದ್ರ ಹಾಳಾಯಿತು. ಮೂರೇ ದಿನಕ್ಕೆ, ಆಗಸ್ಟ್ 15ರಂದು, ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಹೇಳಿದ್ದು: ಈ ಕೇಂದ್ರಗಳ ಮೇಲೆ ದಾಳಿ ಮುಂದುವರಿಸಿ ಉಪಯೋಗ ಇದೆಯಾ ಅನ್ನುವುದೇ ಅನುಮಾನ ಅಂತ.

ಅವರಿಗೆ ಗೊತ್ತಾಗದೇ ಹೋದದ್ದು ಕಂಬದ ಹಿಂದಿನ ವ್ಯವಸ್ಥೆ. ರೇಡಾರ್‌ನಲ್ಲಿ ಕಂಡದ್ದು ಫೋನಿನಲ್ಲಿ ಒಂದು ಕೋಣೆಗೆ ಹೋಗುತ್ತಿತ್ತು. ಸುಮಾರು 30 ಸಾವಿರ ವೀಕ್ಷಕರು ಬಯಲಲ್ಲಿ ನಿಂತು ಕಣ್ಣಿಂದ ಕಂಡದ್ದನ್ನೂ ಕಿವಿಯಿಂದ ಕೇಳಿದ್ದನ್ನೂ ಫೋನಿನಲ್ಲೇ ಹೇಳುತ್ತಿದ್ದರು. ಎಲ್ಲವನ್ನೂ ಜರಡಿ ಹಿಡಿದು, ಮೇಜಿನ ಮೇಲಿನ ನಕ್ಷೆಯಲ್ಲಿ ಬಿಲ್ಲೆ ಸರಿಸಿ, ಯಾವ ಸ್ಕ್ವಾಡ್ರನ್ ಯಾವಾಗ ಎಲ್ಲಿ ಏರಬೇಕು ಅಂತ ನಿಮಿಷಗಳಲ್ಲಿ ತೀರ್ಮಾನ ಆಗುತ್ತಿತ್ತು. ಬ್ರಿಟಿಷ್ ಫೈಟರ್ ಪಡೆಯ ಮುಖ್ಯಸ್ಥ ಡೌಡಿಂಗ್ ಕಟ್ಟಿದ ವ್ಯವಸ್ಥೆ ಅದು. ಷ್ಮಿಡ್‌ನ ಪ್ರಕಾರ ಬ್ರಿಟಿಷ್ ಫೈಟರ್‌ಗಳು ತಮ್ಮ ತಮ್ಮ ನೆಲೆಗೇ ಕಟ್ಟಿಬಿದ್ದಿದ್ದವು, ಒಂದೆಡೆ ಸೇರಲು ಆಗದು.

ಲೆಕ್ಕಿಗ

ಬ್ರಿಟಿಷರ ಎಣಿಕೆಯೂ ಏನು ಚೆನ್ನಾಗಿತ್ತು? 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನ ಬೀಳಿಸಿದೆವು ಅಂದರು. ಬಿದ್ದದ್ದು ಸುಮಾರು 60. ಒಂದೇ ವಿಮಾನಕ್ಕೆ ಮೂವರು ಗುಂಡು ಹೊಡೆದು ಮೂವರೂ ನಾನೇ ಬೀಳಿಸಿದ್ದು ಅನ್ನುತ್ತಾರೆ. ಯಾರೂ ಬೇಕಂತ ಸುಳ್ಳು ಹೇಳಿದ್ದಲ್ಲ.

ಆದರೆ ಬ್ರಿಟಿಷರಿಗೆ ಅದರಿಂದ ಅಷ್ಟು ಹಾನಿ ಆಗಲಿಲ್ಲ, ಯಾಕೆಂದರೆ ಅವರು ಶತ್ರುವಿನ ಒಟ್ಟು ಬಲವನ್ನೇ ಜಾಸ್ತಿ ಅಂದುಕೊಂಡಿದ್ದರು. ಇದರ ಕಥೆ ನನಗೆ ತುಂಬ ಇಷ್ಟ. ಜರ್ಮನರ ಎನಿಗ್ಮಾ ಯಂತ್ರದ ಗುಪ್ತಲಿಪಿ ಸಂದೇಶಗಳು ಒಡೆದು ಓದಲು ಸಿಕ್ಕ ಮೇಲೆ ಪ್ರಧಾನಿ ಚರ್ಚಿಲ್‌ರ ವಿಜ್ಞಾನ ಸಲಹೆಗಾರ ಲಿಂಡೆಮನ್ ಲೆಕ್ಕಕ್ಕೆ ಕೂತರು. ಜರ್ಮನರ ಒಂದು ಷ್ಟಾಫೆಲ್‌ನಲ್ಲಿ, ಅಂದರೆ ಅವರ ಚಿಕ್ಕ ತುಕಡಿಯಲ್ಲಿ, 12 ವಿಮಾನ ಅಂತ ವಾಯು ಇಲಾಖೆ ಎಣಿಸುತ್ತಿತ್ತು. ಸಂದೇಶಗಳನ್ನು ನೋಡಿದರೆ ಹಾರಾಟಕ್ಕೆ 9, ಮೀಸಲು 3. ಇಷ್ಟರಿಂದಲೇ ಇಡೀ ಲುಫ್ಟ್‌ವಾಫೆಯ ಲೆಕ್ಕ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ.

ಇಲಾಖೆಯವರು ಒಪ್ಪಲಿಲ್ಲ. ಜಗಳ ಜೋರಾಯಿತು. ಆಗ ಚರ್ಚಿಲ್ ಏನು ಮಾಡಿದರು? ಸಿಂಗಲ್ಟನ್ ಅನ್ನುವ ಒಬ್ಬ ಹೈಕೋರ್ಟ್ ನ್ಯಾಯಾಧೀಶರನ್ನು ಕೂರಿಸಿದರು. ಎರಡೂ ಕಡೆಯವರು ಸಾಕ್ಷಿ ತಂದು ವಾದ ಮಾಡಿದರು. 1941ರ ಜನವರಿಯಲ್ಲಿ ಅವರ ತೀರ್ಪು: ಜರ್ಮನ್ ಬಲ, ಬ್ರಿಟಿಷ್ ಬಲ ಸುಮಾರು 4ಕ್ಕೆ 3. ಅಂಕಿ ಎಲ್ಲಿಂದ ಬಂತು ಅಂತ ಹೊರಗಿನವರೊಬ್ಬರು ಕೂತು ಕೇಳಿದರು ನೋಡಿ, ಅದು ಮುಖ್ಯ. 1937ರಲ್ಲಿ ಆ 50ನ್ನು ಹಾಗೆ ಕೇಳುವವರೇ ಇರಲಿಲ್ಲ.

ಸೈರನ್

ಇದು ಒಳ್ಳೆಯ ಮಾತು. ಆದರೆ ಯುದ್ಧದ ನಡುವೆ ಎಲ್ಲದಕ್ಕೂ ನ್ಯಾಯಾಧೀಶರನ್ನು ಕೂರಿಸುವಷ್ಟು ಹೊತ್ತು ಎಲ್ಲಿರುತ್ತದೆ?

ಕಂಬಿಗ

ಹೊತ್ತು ಇಲ್ಲದಾಗಲೂ ಚೆನ್ನಾಗಿ ಮಾಡಿದ ಉದಾಹರಣೆ ಇದೆ. ಕ್ನಿಕೆಬೈನ್.

1940ರ ಜೂನ್‌ನಲ್ಲಿ ಆರ್. ವಿ. ಜೋನ್ಸ್ ಅನ್ನುವ 28 ವರ್ಷದ ಭೌತಶಾಸ್ತ್ರಜ್ಞನ ಕೈಗೆ ಒಡೆದ ಎನಿಗ್ಮಾ ಸಂದೇಶವೊಂದು ಬಂತು. ಒಂದೇ ಸಾಲು. ಕ್ಲೀವ್ ಊರಿನ ಕ್ನಿಕೆಬೈನ್ ಅನ್ನು 53 ಡಿಗ್ರಿ 24 ನಿಮಿಷ ಉತ್ತರ, 1 ಡಿಗ್ರಿ ಪಶ್ಚಿಮಕ್ಕೆ ಹೊಂದಿಸಲಾಗಿದೆ ಅಂತ. ಕ್ಲೀವ್ ಜರ್ಮನಿಯ ಅಂಚಿನಲ್ಲಿ, ಇಂಗ್ಲೆಂಡಿಗೆ ಹತ್ತಿರ ಇರುವ ಊರು. ಆ ಬಿಂದು ಇಂಗ್ಲೆಂಡಿನ ನಡುವೆ. ಕತ್ತಲಲ್ಲೂ ಬಾಂಬರ್‌ಗಳನ್ನು ಗುರಿಗೆ ಕರೆದೊಯ್ಯುವ ರೇಡಿಯೋ ಕಿರಣ ಇದು ಅಂತ ಜೋನ್ಸ್ ಊಹಿಸಿದ.

ಹಿರಿಯರು ನಂಬಲಿಲ್ಲ. ಆ ಅಲೆಗಳು ಭೂಮಿಯ ಬಾಗಿಗೆ ತಕ್ಕಂತೆ ಅಷ್ಟು ದೂರ ಬರಲಾರವು ಅಂದರು. ಜೋನ್ಸ್ ಮಾಡಿದ್ದೇನು? ಬಿದ್ದ ಹೆಯಿಂಕೆಲ್ ಬಾಂಬರಿನ ರೇಡಿಯೋಗಳ ತಪಾಸಣೆ ವರದಿ ನೋಡಿದ. ವಿಶೇಷ ಉಪಕರಣ ಏನೂ ಸಿಕ್ಕಿರಲಿಲ್ಲ. ಮಾಮೂಲಿ ಲ್ಯಾಂಡಿಂಗ್‌ಗೆ ಬಳಸುವ ಲೊರೆನ್ಜ್ ರಿಸೀವರ್ ಮಾತ್ರ. ತಪಾಸಣೆ ಮಾಡಿದ ತಂತ್ರಜ್ಞನನ್ನೇ ಕೇಳಿದ: ಇದರಲ್ಲಿ ಏನಾದರೂ ಅಸಹಜ ಇದೆಯಾ? ಲ್ಯಾಂಡಿಂಗ್‌ಗೆ ಬೇಕಾದ್ದಕ್ಕಿಂತ ತುಂಬ ಸೂಕ್ಷ್ಮವಾಗಿದೆ ಅಂದ ಆತ. ಅಲ್ಲಿಗೆ ಗೊತ್ತಾಯಿತು, ದೂರದ ಕಿರಣ ಹಿಡಿಯುವುದು ಇದರಲ್ಲೇ.

ಜೂನ್ 21ರಂದು ಚರ್ಚಿಲ್ ಮುಂದೆ ಸಭೆ. ಅದೇ ರಾತ್ರಿ ಒಂದು ಆನ್ಸನ್ ವಿಮಾನ ಹಾರಿ ಹುಡುಕಿತು. ಸ್ಪಾಲ್ಡಿಂಗ್ ಊರಿನ ದಕ್ಷಿಣಕ್ಕೆ ಕಿರಣ ಸಿಕ್ಕಿತು, 400ರಿಂದ 500 ಗಜ ಅಗಲ. ಅಂದಾಜನ್ನು ನೇರ ಹೋಗಿ ಪರೀಕ್ಷೆ ಮಾಡಿದರು. ನನ್ನ ಪ್ರಕಾರ ಆ ಯುದ್ಧದ ಅತ್ಯುತ್ತಮ ಗುಪ್ತಚರ ಕೆಲಸ ಇದು.

ಅಡವಿಹಕ್ಕಿ

ಅಷ್ಟೆಲ್ಲ ಗೊತ್ತಿದ್ದೂ ಇಂಗ್ಲೆಂಡಿನ ಕೊವೆಂಟ್ರಿ ಊರು ಸುಡಲು ಬಿಟ್ಟರಲ್ಲ? ಎನಿಗ್ಮಾ ಗುಟ್ಟು ಉಳಿಸಲು ಚರ್ಚಿಲ್ ಊರನ್ನೇ ಬಲಿ ಕೊಟ್ಟರು ಅಂತ ಓದಿದ್ದೆ.

ನಕ್ಷೆಪ್ರಿಯ

ಆ ಕಥೆ 1974ರಲ್ಲಿ ಬಂದ ಒಂದು ನೆನಪಿನ ಪುಸ್ತಕದಿಂದ ಹಬ್ಬಿದ್ದು. ಕಡತಗಳು ತೆರೆದ ಮೇಲೆ ಅದು ನಿಲ್ಲಲಿಲ್ಲ.

1940ರ ನವೆಂಬರ್‌ನಲ್ಲಿ ಮೂನ್‌ಲೈಟ್ ಸೊನಾಟಾ ಅನ್ನುವ ಹೆಸರಿನ ದೊಡ್ಡ ದಾಳಿ ಬರುತ್ತದೆ ಅಂತ ಸಂದೇಶದಿಂದ ಗೊತ್ತಾಗಿತ್ತು. ಯಾವ ಊರು ಅಂತ ಸ್ಪಷ್ಟ ಇರಲಿಲ್ಲ. ವಾಯು ಇಲಾಖೆ ಲಂಡನ್ ಕಡೆಗೇ ಬೆರಳು ತೋರಿಸುತ್ತಿತ್ತು. ನವೆಂಬರ್ 14ರಂದು ಊರ ಹೊರಗೆ ಹೊರಟಿದ್ದ ಚರ್ಚಿಲ್ ಲಂಡನ್ನಿಗೇ ದಾಳಿ ಅಂದುಕೊಂಡು ಅರ್ಧ ದಾರಿಯಲ್ಲಿ ವಾಪಸ್ ಬಂದರು, ವಾಯು ಇಲಾಖೆಯ ತಾರಸಿ ಮೇಲೆ ಹೋಗಿ ಕಾದರು. ಊರನ್ನು ಬಲಿ ಕೊಡುವವರು ಹಾಗೆ ಕಾಯುತ್ತಾರಾ?

ಮಧ್ಯಾಹ್ನ ಮೂರರ ಸುಮಾರಿಗೆ ಕಿರಣಗಳು ಕೊವೆಂಟ್ರಿ ಮೇಲೆ ಸೇರುತ್ತಿವೆ ಅಂತ ಗೊತ್ತಾಯಿತು. ಕಿರಣವನ್ನು ಕೆಡಿಸುವ ಜಾಮರ್ ಹಾಕಿದರು. ಆದರೆ ಜರ್ಮನ್ ರಿಸೀವರ್‌ನಲ್ಲಿ 2,000 ಹರ್ಟ್ಸ್ ಶಬ್ದ ಮಾತ್ರ ದಾಟುವ ಫಿಲ್ಟರ್ ಇತ್ತು. ಜಾಮರ್ ಹೊಂದಿಸಿದ್ದು 1,500ಕ್ಕೆ. ಕಿವಿಯಲ್ಲಿ ಕೇಳಿ ಗುರುತಿಸಿದ ಶಬ್ದದಲ್ಲಿ ಆದ ವ್ಯತ್ಯಾಸ ಅದು. ಜಾಮರಿನ ಶಬ್ದವನ್ನು ಫಿಲ್ಟರ್ ಪೂರ್ತಿ ತಡೆದುಬಿಟ್ಟಿತು. 568 ಜನ ಸತ್ತರು.

ಅಡವಿಹಕ್ಕಿ

ಹಾಗಾದರೆ ಇನ್ನೂ ಸಂಕಟ. ಪಿತೂರಿ ಅಂದರೆ ಬೈಯಲು ಒಬ್ಬರು ಸಿಗುತ್ತಾರೆ.

ಮಳೆಬಿಲ್ಲು

ಮೂಲ ಪ್ರಶ್ನೆಗೆ ಬರೋಣವೇ? ಪರ್ಲ್ ಹಾರ್ಬರನ್ನು ಕಡಿಮೆ ಅಂದಾಜಿನ ಪಟ್ಟಿಗೆ ಸೇರಿಸಿದ್ದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಅಂದಾಜು ಬಹಳ ಚೆನ್ನಾಗಿತ್ತು. 1941ರ ಮಾರ್ಚ್ 31ರ ಮಾರ್ಟಿನ್-ಬೆಲಿಂಜರ್ ವರದಿ ನೋಡಿ. ಹವಾಯಿಗೆ ಇರುವ ದೊಡ್ಡ ಅಪಾಯ ಮುನ್ಸೂಚನೆ ಇಲ್ಲದ ವಿಮಾನ ದಾಳಿ, ವಿಮಾನವಾಹಕ ಹಡಗುಗಳು 300 ಮೈಲಿ ಒಳಗೆ ಬರಬಹುದು, ಬೆಳಗಿನ ಜಾವ ಹೊಡೆದರೆ ತಡೆಯುವುದು ಕಷ್ಟ ಅಂತ ಅದರಲ್ಲೇ ಇದೆ. ಎಂಟು ತಿಂಗಳ ನಂತರ ಅದೇ ಆಯಿತು. ಹಡಗುಗಳು ಬಂದದ್ದು ಸುಮಾರು 230 ಮೈಲಿ ಉತ್ತರಕ್ಕೆ.

ಆ ಬೆಳಿಗ್ಗೆ ಒಪಾನಾ ರೇಡಾರ್‌ನಲ್ಲಿ ಲಾಕರ್ಡ್, ಎಲಿಯಟ್ ಅನ್ನುವ ಇಬ್ಬರು ಸೈನಿಕರು ಕೂತಿದ್ದರು. ಡ್ಯೂಟಿ ಏಳಕ್ಕೇ ಮುಗಿದಿತ್ತು. ಅವರನ್ನು ಕರೆದೊಯ್ಯುವ ಗಾಡಿ ಬಂದಿರಲಿಲ್ಲ, ಎಲಿಯಟ್‌ಗೆ ಕಲಿಯುವ ಆಸೆ, ಅದಕ್ಕೆ ಯಂತ್ರ ಆಫ್ ಮಾಡಲಿಲ್ಲ. 7 ಗಂಟೆ 2 ನಿಮಿಷಕ್ಕೆ ಪರದೆ ಮೇಲೆ ದೊಡ್ಡ ಗುರುತು, 130 ಮೈಲಿಗಿಂತ ಆಚೆ. ಫೋನ್ ಮಾಡಿದರು. ಎತ್ತಿದ್ದು ಲೆಫ್ಟಿನೆಂಟ್ ಟೈಲರ್, ಮಾಹಿತಿ ಕೇಂದ್ರದ ಕೆಲಸಕ್ಕೆ ಅವನು ಕೂತದ್ದು ಅದು ಎರಡನೇ ಸಲ. ಅಮೆರಿಕಾದಿಂದಲೇ ಬರುತ್ತಿದ್ದ ಬಿ-17 ವಿಮಾನಗಳು ಇರಬೇಕು ಅಂದುಕೊಂಡ. ಚಿಂತೆ ಬೇಡ ಅಂದ.

ಮೇಲೆ ಕಂಬಿಗ ಹೇಳಿದ ಬ್ರಿಟಿಷ್ ಕೋಣೆ ನೆನಪಿಸಿಕೊಳ್ಳಿ. ಹವಾಯಿಯಲ್ಲಿ ರೇಡಾರ್ ಇತ್ತು, ಫೋನ್ ಇತ್ತು, ಅಂದಾಜೂ ಇತ್ತು. ಅಂಥ ವ್ಯವಸ್ಥೆ ಇರಲಿಲ್ಲ.

ಬಾನಾಡಿ

ವಿಮಾನಗಳನ್ನು ರೆಕ್ಕೆಗೆ ರೆಕ್ಕೆ ತಾಗಿಸಿ ನಿಲ್ಲಿಸಿದ್ದನ್ನೂ ಸೇರಿಸಿ. ಜನರಲ್ ಷಾರ್ಟ್‌ಗೆ ಒಳಗಿನ ವಿಧ್ವಂಸಕರ ಭಯ. ಒಟ್ಟಿಗಿದ್ದರೆ ಕಾವಲು ಸುಲಭ ಅಂತ. ಒಂದು ಅಪಾಯವನ್ನು ಜಾಸ್ತಿ ಅಂದುಕೊಂಡು ಇನ್ನೊಂದಕ್ಕೆ ಬಾಗಿಲು ತೆರೆದಿಟ್ಟ.

ಸೈರನ್

ಅದೇ ಜಪಾನ್ ಮರು ವರ್ಷ ತಾನೇ ಮೋಸ ಹೋಯಿತು. 1942ರ ಏಪ್ರಿಲ್ 18ರ ಬೆಳಿಗ್ಗೆ ಅವರ ಕಾವಲು ದೋಣಿ ಅಮೆರಿಕಾದ ವಿಮಾನವಾಹಕ ಹಡಗನ್ನು ಕಂಡು ಸುದ್ದಿ ಕಳಿಸಿತು. ಹಡಗಿನ ವಿಮಾನಗಳಿಗೆ ಇಷ್ಟೇ ದೂರ ಸಾಧ್ಯ, ದಾಳಿ ಏನಿದ್ದರೂ ನಾಳೆ ಅಂತ ಲೆಕ್ಕ ಹಾಕಿದರು. ಅಮೆರಿಕಾದ ಡೂಲಿಟ್ಲ್ ತಂಡ ಹಡಗಿನಿಂದ ಹಾರಿಸಿದ್ದು ನೆಲದಿಂದ ಏಳುವ, ಹೆಚ್ಚು ದೂರ ಹೋಗುವ ಬಾಂಬರ್, ಬಿ-25, 16 ವಿಮಾನ. ಅದೇ ಮಧ್ಯಾಹ್ನ ಟೋಕಿಯೋ ಮೇಲೆ ಬಾಂಬು ಬಿತ್ತು.

ಕರಾವಳಿಗ

ಅದೇ ತಿಂಗಳು ನಮ್ಮ ಕಡೆಯ ಸಮುದ್ರದಲ್ಲೂ ಆಯಿತು, ಯಾರೂ ಹೇಳಲಿಲ್ಲ. ಕೊಲಂಬೊ ಮೇಲೆ ಏಪ್ರಿಲ್ 1ರ ಸುಮಾರಿಗೆ ದಾಳಿ ಅಂತ ಬ್ರಿಟಿಷ್ ನೌಕಾಪಡೆಗೆ ಮುನ್ಸೂಚನೆ ಸಿಕ್ಕಿತ್ತು. ಅಡ್ಮಿರಲ್ ಸೋಮರ್‌ವಿಲ್ ಹಡಗುಗಳನ್ನು ಕರೆದುಕೊಂಡು ಕಾದರು. ಜಪಾನೀಯರು ಬರಲಿಲ್ಲ. ಇಂಧನ, ನೀರು ತುಂಬಿಸಲು ಅಡ್ಡು ದ್ವೀಪಕ್ಕೆ ಹೋದರು, ಕೆಲವು ಹಡಗುಗಳನ್ನು ಬಂದರಿಗೆ ಕಳಿಸಿದರು. ಏಪ್ರಿಲ್ 4ರಂದು ಬರ್ಚಾಲ್ ಅನ್ನುವ ಕೆನಡಾದ ಪೈಲಟ್ ಕ್ಯಾಟಲೀನಾ ವಿಮಾನದಿಂದ ಜಪಾನೀ ನೌಕಾಬಲ ಕಂಡು ಸುದ್ದಿ ಕಳಿಸಿದ, ಅವನನ್ನೂ ಹೊಡೆದುರುಳಿಸಿದರು. 5ಕ್ಕೆ ಕೊಲಂಬೊ. ಡಾರ್ಸೆಟ್‌ಷೈರ್, ಕಾರ್ನ್‌ವಾಲ್ ಅನ್ನುವ ಬ್ರಿಟಿಷ್ ಯುದ್ಧನೌಕೆಗಳು ಮುಳುಗಿದವು. 9ಕ್ಕೆ ವಿಮಾನವಾಹಕ ಹಡಗು ಹರ್ಮಿಸ್ ಹೋಯಿತು. ಅಂದಾಜು ಸರಿ, ತಾರೀಖು ನಾಲ್ಕು ದಿನ ಆಚೀಚೆ.

6ರಂದು ವಿಶಾಖಪಟ್ಟಣ, ಕಾಕಿನಾಡ ಮೇಲೂ ಬಾಂಬು. ಅದರ ಬೆನ್ನಿಗೇ ಮದ್ರಾಸಿನಲ್ಲಿ ಜಪಾನೀಯರು ಇಳಿಯುತ್ತಾರೆ ಅನ್ನುವ ಸುದ್ದಿ ನಂಬಿ ಸರ್ಕಾರಿ ಕಚೇರಿಗಳನ್ನೇ ಒಳನಾಡಿಗೆ ಸಾಗಿಸಿದರು. ಊರು ಖಾಲಿಯಾಯಿತು. ಯಾರೂ ಇಳಿಯಲಿಲ್ಲ.

ಹಳೇಕಡತ

ಇದನ್ನೇ ಹೇಳುತ್ತಿದ್ದೇನೆ. ಜಾಸ್ತಿ ಅಂದಾಜಿನ ನಷ್ಟ ನಮ್ಮ ದೇಶಕ್ಕೆ ಆಮೇಲೂ ತಟ್ಟಿತು. ಚೀನಾ ಜೊತೆಗಿನ ಯುದ್ಧ, 1962.

ಆ ಯುದ್ಧದಲ್ಲಿ ನಮ್ಮ ವಾಯುಪಡೆ ಸಾಗಾಟ ಮಾಡಿತು. ಆನ್-12 ವಿಮಾನಗಳಲ್ಲಿ ಚುಶೂಲ್‌ಗೆ ಟ್ಯಾಂಕ್ ಇಳಿಸಿತು. ಕ್ಯಾನ್‌ಬೆರಾಗಳು ಹೋಗಿ ಫೋಟೋ ತೆಗೆದವು. ಆದರೆ ಹಂಟರ್, ಮಿಸ್ಟೆಯರ್ ಫೈಟರ್ ಎಲ್ಲ ನೆಲದ ಮೇಲೇ ನಿಂತವು. ನಾವು ಬಾಂಬು ಹಾಕಿದರೆ ಚೀನಾ ಕಲ್ಕತ್ತದಂಥ ಊರುಗಳ ಮೇಲೆ ಬಾಂಬು ಹಾಕುತ್ತದೆ ಅನ್ನುವ ಭಯ. ಮಲ್ಲಿಕ್ ಅವರ ಗುಪ್ತಚರ ಸಂಸ್ಥೆ ಕೊಟ್ಟ ಚಿತ್ರ ಹಾಗಿತ್ತು. ಅಮೆರಿಕಾ ರಾಯಭಾರಿ ಗಾಲ್‌ಬ್ರೇತ್ ಕೂಡ ಬೇಡ ಅಂದರು.

ಆದರೆ ಟಿಬೆಟ್‌ನ ವಿಮಾನ ನೆಲೆಗಳು ಇದ್ದದ್ದು ಸಾವಿರಾರು ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ವಿಮಾನ ಏಳಬೇಕೆಂದರೆ ಬಾಂಬನ್ನೋ ಪೆಟ್ರೋಲನ್ನೋ ಕಡಿಮೆ ಮಾಡಲೇಬೇಕು. ನಮ್ಮ ವಿಮಾನಗಳು ಅಸ್ಸಾಂ ಬಯಲಿನಿಂದ ಪೂರ್ತಿ ಭಾರ ಹೊತ್ತು ಏಳುತ್ತಿದ್ದವು. ಸೋವಿಯತ್ ಜೊತೆ 1960ರಿಂದ ಹಳಸಿದ್ದರಿಂದ ಚೀನಾಕ್ಕೆ ಬಿಡಿಭಾಗಕ್ಕೂ ಪರದಾಟ. ಈ ನಾಲ್ಕು ಮಾತು ಪ್ರಧಾನಿಯ ಮೇಜಿಗೆ ಗಟ್ಟಿಯಾಗಿ ಹೋಗಿದ್ದರೆ? ನವೆಂಬರ್ 19ರಂದು ನೆಹರೂ ಕೆನಡಿಗೆ ಬರೆದ ಪತ್ರದಲ್ಲಿ 12 ಸ್ಕ್ವಾಡ್ರನ್ ಫೈಟರ್ ಕೇಳಿದ್ದಾರೆ, ಅಮೆರಿಕಾದವರೇ ಬಂದು ನಡೆಸಲಿ ಅಂತ. ನಮ್ಮದೇ ಫೈಟರ್‌ಗಳು ಸುಮ್ನೆ ನಿಂತಿದ್ದವು. ಗಡಿಯಲ್ಲಿ ಸತ್ತ ಹುಡುಗರನ್ನು ನೆನೆದರೆ ಇದನ್ನು ಸಣ್ಣ ತಪ್ಪು ಅನ್ನಲು ಆಗುವುದಿಲ್ಲ.

ಮಳೆಬಿಲ್ಲು

ಅರ್ಧ ಒಪ್ಪುತ್ತೇನೆ. ಕಾಡು, ಕಣಿವೆ, ಕೈಕೈ ಮಿಲಾಯಿಸುವಷ್ಟು ಹತ್ತಿರ ಇರುವ ಸೈನ್ಯಗಳು. ಅಲ್ಲಿ ಮೇಲಿಂದ ಬಾಂಬು ಹಾಕಿ ಏನು ಸಾಧಿಸುತ್ತಿದ್ದರು ಅನ್ನುವ ಪ್ರಶ್ನೆ ಆಗಲೂ ಇತ್ತು. ಲಡಾಖ್ ಬಯಲಾದರೆ ಬೇರೆ ಮಾತು. ಇನ್ನು ಕಲ್ಕತ್ತದ ರಕ್ಷಣೆಗೆ ರೇಡಾರ್ ಎಷ್ಟಿತ್ತು? ಅಪಾಯ ಚಿಕ್ಕದಾದರೂ ತಡೆಯುವ ಶಕ್ತಿ ಅದಕ್ಕಿಂತ ಚಿಕ್ಕದಾಗಿದ್ದರೆ ಆಳುವವರು ಹೆದರುತ್ತಾರೆ.

ಹಳೇಕಡತ

ಹೆದರಲಿ. ಆದರೆ ಹೆದರಿಕೆಯ ಅಳತೆ ಗೊತ್ತಿರಬೇಕಲ್ಲ.

ಊರಾಚೆ

ನಮ್ಮ ದೊಡ್ಡಪ್ಪ ವಾಯುಪಡೆಯಲ್ಲಿ ಗ್ರೌಂಡ್ ಸಿಬ್ಬಂದಿ ಆಗಿದ್ದರು. ಅವರು 1965ರ ಪಠಾಣ್‌ಕೋಟ್ ಮಾತು ಬಂದರೆ ಊಟ ಬಿಟ್ಟು ಎದ್ದುಹೋಗುತ್ತಿದ್ದರು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್‌ಗಳು ಬಂದು ಬಯಲಲ್ಲಿ ನಿಂತಿದ್ದ ಸುಮಾರು 10 ವಿಮಾನ ಸುಟ್ಟವು. ಹೊಸದಾಗಿ ಬಂದಿದ್ದ ಮಿಗ್-21 ಎರಡೂ ಅದರಲ್ಲಿದ್ದವು. ಮರುದಿನ ಕಲೈಕುಂಡದಲ್ಲೂ ಹಾಗೇ.

1971ರ ಮಾತು ಬಂದರೆ ಮುಖ ಅರಳುತ್ತಿತ್ತು. ಆ ಹೊತ್ತಿಗೆ ಗಟ್ಟಿ ಗೋಡೆಯ ಗೂಡು ಕಟ್ಟಿಯಾಗಿತ್ತು, ಮೇಲೆ ಮಣ್ಣು, ಹುಲ್ಲು. ರನ್‌ವೇ ರಿಪೇರಿಗೆ ಸಾಮಾನು ಪಕ್ಕದಲ್ಲೇ ರಾಶಿ. ರಾತ್ರಿ ಬೀಡಿ ಹಚ್ಚಿದರೂ ಬೈಯುತ್ತಿದ್ದರಂತೆ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಪಠಾಣ್‌ಕೋಟ್, ಅಮೃತಸರ, ಶ್ರೀನಗರ ಎಲ್ಲ ಕಡೆ ಹೊಡೆಯಿತು. ನೆಲದ ಮೇಲೆ ಹೋದ ವಿಮಾನ ಬಹಳ ಕಡಿಮೆ. ಅದೇ ರಾತ್ರಿ ನಮ್ಮ ಕ್ಯಾನ್‌ಬೆರಾಗಳು ಉತ್ತರ ಕೊಟ್ಟವು.

ಸೈರನ್

ನೋಡಿ, ಇದು ನನ್ನ ವಾದಕ್ಕೇ ಸಾಕ್ಷಿ. ಕೆಟ್ಟದ್ದೇ ಆಗುತ್ತದೆ ಅಂದುಕೊಂಡು ಗೂಡು ಕಟ್ಟಿದರು, ಬದುಕಿದರು.

ಲೆಕ್ಕಿಗ

ಇಲ್ಲ, ಅದು 1965ರಲ್ಲಿ ಕಣ್ಣಾರೆ ಕಂಡದ್ದರಿಂದ ಮಾಡಿದ್ದು. ಯಾವ ವಿಮಾನ, ಎಲ್ಲಿಂದ, ಎಷ್ಟು ಹೊತ್ತಿಗೆ ಅಂತ ಗೊತ್ತಿತ್ತು. 6 ಲಕ್ಷದ ಥರದ ಊಹೆ ಅಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಂಬಿಗ

ಊಹೆ ಹೇಗೆ ದಾರಿ ತಪ್ಪುತ್ತದೆ ಅನ್ನುವುದಕ್ಕೆ ಜರ್ಮನರ ವಿ-2 ರಾಕೆಟ್ ನೋಡಿ. 1943ರ ಮಾರ್ಚ್‌ನಲ್ಲಿ ಸೆರೆಸಿಕ್ಕ ಜರ್ಮನ್ ಜನರಲ್‌ಗಳ ಮಾತನ್ನು ಕದ್ದು ಕೇಳಿದಾಗ ದೊಡ್ಡ ರಾಕೆಟ್ ಸುಳಿವು ಸಿಕ್ಕಿತು. ಜರ್ಮನರು ರಾಕೆಟ್ ಪರೀಕ್ಷೆ ಮಾಡುತ್ತಿದ್ದ ಪೇನೆಮುಂಡೆಯ ಫೋಟೋಗಳಲ್ಲಿ ಉದ್ದನೆಯ ವಸ್ತು ಕಂಡಿತು. ಬ್ರಿಟಿಷ್ ರಾಕೆಟ್ ತಜ್ಞರಿಗೆ ಗೊತ್ತಿದ್ದದ್ದು ಘನ ಇಂಧನ, ಕಾರ್ಡೈಟ್. ಅದರಲ್ಲಿ ಲೆಕ್ಕ ಹಾಕಿದರೆ 60 ಟನ್ನಿಗೂ ಮೇಲಿನ ರಾಕೆಟ್, 10 ಟನ್ ಸಿಡಿತಲೆ ಬಂತು. ಒಂದು ಗುಂಪು ಲಂಡನ್ ಖಾಲಿ ಮಾಡಿಸುವ ಮಾತಾಡಿತು. ಇನ್ನೊಂದು ಗುಂಪು, ಅದರಲ್ಲಿ ಲಿಂಡೆಮನ್, ಇಷ್ಟು ದೊಡ್ಡದು ಹಾರುವುದೇ ಇಲ್ಲ, ಇದು ನಮ್ಮನ್ನು ದಾರಿ ತಪ್ಪಿಸುವ ನಾಟಕ ಅಂದಿತು.

ಎರಡೂ ಗುಂಪು ಮಾಡಿದ್ದು ಒಂದೇ ಊಹೆ. ಜರ್ಮನರು ಆಲ್ಕೊಹಾಲ್, ದ್ರವ ಆಮ್ಲಜನಕ ಸುಡುತ್ತಿದ್ದರು. ನಿಜವಾದ ತೂಕ 13 ಟನ್ ಆಸುಪಾಸು, ಸಿಡಿತಲೆ 1 ಟನ್.

ಲೆಕ್ಕಿಗ

ಲಿಂಡೆಮನ್! 9 ಮತ್ತು 12ರ ಜಗಳದಲ್ಲಿ ಸರಿ ಇದ್ದ ಅದೇ ಲಿಂಡೆಮನ್. ಹಾಗಾಗಿ ಯಾರು ಹೇಳಿದರು ಅಂತ ನೋಡುವುದು ಸಾಲದು.

ಅಡವಿಹಕ್ಕಿ

ಪೇನೆಮುಂಡೆ ಮೇಲೆ ಬಾಂಬು ಹಾಕಿದ್ದು ಆಗಲೇ ಅಲ್ವಾ?

ನಕ್ಷೆಪ್ರಿಯ

ಹೌದು, 1943ರ ಆಗಸ್ಟ್ 17ರ ರಾತ್ರಿ. 596 ಬಾಂಬರ್ ಹೋದವು, 40 ವಾಪಸ್ ಬರಲಿಲ್ಲ. ಪಕ್ಕದ ಶಿಬಿರದಲ್ಲಿದ್ದ ನೂರಾರು ಜೀತದ ಕೂಲಿಗಳೂ ಸತ್ತರು. ಸುಳಿವು ಹೊರಗೆ ಕಳಿಸಿದವರು ಅಂಥ ಶಿಬಿರಗಳಲ್ಲೂ ಇದ್ದರು ಅನ್ನುವುದನ್ನು ಮರೆಯಬಾರದು.

ಬಾನಾಡಿ

ಪೈಲಟ್ ಇಲ್ಲದೆ ಹಾರಿ ಬರುತ್ತಿದ್ದ ಜರ್ಮನ್ ಬಾಂಬು ವಿ-1 ವಿಷಯದಲ್ಲಿ ಒಂದು ಬೇರೆ ಥರದ ಪ್ರಶ್ನೆ ಇದೆ. 1944ರ ಜೂನ್ 13ರಿಂದ ಅವು ಲಂಡನ್ ಮೇಲೆ ಬೀಳತೊಡಗಿದವು. ಎಲ್ಲಿ ಬಿದ್ದವು ಅಂತ ಜರ್ಮನರಿಗೆ ತಿಳಿಸುತ್ತಿದ್ದವರು ಬ್ರಿಟಿಷರ ಹಿಡಿತದಲ್ಲೇ ಇದ್ದ ಇಬ್ಬಗೆಯ ಗೂಢಚಾರರು. ಬಾಂಬುಗಳು ನಗರದ ನಡುಭಾಗ ದಾಟಿ ಆಚೆ ಬೀಳುತ್ತಿವೆ ಅಂತ ಸುಳ್ಳು ವರದಿ ಕಳಿಸಿದರು. ಜರ್ಮನರು ದೂರ ಕಡಿಮೆ ಮಾಡಲಿ, ದಕ್ಷಿಣದಲ್ಲೇ ಬೀಳಲಿ ಅಂತ.

ದಕ್ಷಿಣದಲ್ಲೂ ಜನ ಇದ್ದರಲ್ಲ? ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಬಹಳ ಏಟು ತಿಂದಿತು. ಗೃಹ ಭದ್ರತಾ ಸಚಿವ ಮಾರಿಸನ್ ಇದನ್ನು ವಿರೋಧಿಸಿದರು. ಯಾರು ಸಾಯಬೇಕು ಅಂತ ನಾವು ತೀರ್ಮಾನ ಮಾಡಬಾರದು ಅನ್ನುವುದು ಅವರ ನಿಲುವು.

ಸೈರನ್

ನಾನಾಗಿದ್ದರೂ ಕಳಿಸುತ್ತಿದ್ದೆ. ನಡು ಲಂಡನ್‌ನಲ್ಲಿ ಜನಸಂದಣಿ ಜಾಸ್ತಿ. ಒಟ್ಟು ಸಾವು ಕಡಿಮೆ ಆಗುತ್ತದೆ.

ಬಾನಾಡಿ

ಕ್ರಾಯ್ಡನ್‌ನಲ್ಲಿ ನಿಮ್ಮ ಅಮ್ಮ ಇದ್ದಿದ್ದರೂ?

ಸೈರನ್

ಆಗ ಆ ಕುರ್ಚಿಯಿಂದ ಎದ್ದು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದೆ. ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಹಳೇಕಡತ

ವಿ-1ಕ್ಕೆ 6,184 ಜನ ಸತ್ತರು, ವಿ-2ಕ್ಕೆ 2,754. ಆ ಸುಳ್ಳು ವರದಿಯಿಂದ ಎಷ್ಟು ಜೀವ ಉಳಿಯಿತು ಅನ್ನುವುದು ಬರೀ ಲೆಕ್ಕಕ್ಕೆ ಸಿಗುವ ಮಾತಲ್ಲ ಸೈರನ್ ಅವರೇ. ಮಾರಿಸನ್ ಕೇಳಿದ ಪ್ರಶ್ನೆ ಸಭೆಯಲ್ಲಿ ಯಾರಾದರೂ ಕೇಳಲೇಬೇಕಿತ್ತು, ಕೇಳಿದರು. ಇದಕ್ಕೆ ಬೇರೆ ಎಳೆ ತೆರೆಯೋಣ, ಇಲ್ಲಿ 1962ರ ಬಗ್ಗೆ ಇನ್ನೂ ಮಾತು ಬಾಕಿ ಇದೆ. ಮಳೆಬಿಲ್ಲು ಅವರೇ, ಕಲ್ಕತ್ತದ ರೇಡಾರ್ ವಿಷಯ ಹೇಳಿದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಬರೆಯಿರಿ.